ದೀಪ ಹಚ್ಚುವ ಹೊತ್ತಿನ ವಿಮರ್ಶೆ

ಕಾದಂಬರಿ ಬರೆದ ಮನುಷ್ಯನನ್ನೇ ಊರಿಗೆ ಕರೆಸಿ, ಅವನ ಎದುರಿಗೇ ಅವನ ಕಾದಂಬರಿಯ ಮೇಲೆ ಒಂದು ಗಂಟೆ ಭಾಷಣ ಬಿಗಿಯಬೇಕು ಎಂಬ ಅಮೋಘವಾದ ಆಲೋಚನೆ ವೆಂಕಟರವಣಪ್ಪನವರಿಗೆ ಹೊಳೆದದ್ದು ಅವರೆಕಾಳು ಹಿತುಕುತ್ತಿದ್ದಾಗ. ಅವರ ಅಮೋಘ ಆಲೋಚನೆಗಳೆಲ್ಲ ಹೀಗೆ ಕೈಗೆ ಕೆಲಸವಿದ್ದು ತಲೆಗೆ ಬಿಡುವಿದ್ದ ಹೊತ್ತಿನಲ್ಲೇ ಹೊಳೆದಂಥವು. ಈ ಆಲೋಚನೆಯಲ್ಲಿ ಒಂದೇ ಒಂದು ಸಣ್ಣ ಕೊರತೆಯಿತ್ತು. ಆ ಕಾದಂಬರಿಯನ್ನು ಅವರು ಓದಿರಲಿಲ್ಲ.

ಅದೊಂದೇ ಏನು, ಹನ್ನೊಂದು ವರ್ಷಗಳಿಂದ ಯಾವ ಕಾದಂಬರಿಯನ್ನೂ ಓದಿರಲಿಲ್ಲ. ಹಾಗೆಂದು ಅವರಿಗೆ ಪುಸ್ತಕದ ಮೇಲೆ ಪ್ರೀತಿಯಿಲ್ಲ ಅಂದುಬಿಟ್ಟರೆ ಅನ್ಯಾಯವಾದೀತು. ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಮೂಸುತ್ತಿದ್ದರು. ಆಮೇಲೆ ಬೆನ್ನು ಸವರುತ್ತಿದ್ದರು. ಕನ್ನಡಕ ಒರೆಸಿ, ಗೋಡೆಗೆ ದಿಂಬು ಕೊಟ್ಟು, ಕಾಲು ಚಾಚಿ, ದೊಡ್ಡ ಯುದ್ಧಕ್ಕೆ ಹೊರಟವರ ಗಾಂಭೀರ್ಯದಿಂದ ಮೊದಲನೆಯ ಪುಟ ತೆರೆಯುತ್ತಿದ್ದರು. ಮೂರನೆಯ ಪುಟದ ಹೊತ್ತಿಗೆ ಪುಸ್ತಕ ಎದೆಯ ಮೇಲೆ, ಕನ್ನಡಕ ಗಡ್ಡದ ಮೇಲೆ, ಗೊರಕೆ ಪಕ್ಕದ ಮನೆಯವರೆಗೆ. (ಶಿಡ್ಲಘಟ್ಟದ ರೇಷ್ಮೆ ಇಲಾಖೆಯ ಕಚೇರಿಯಲ್ಲಿ ಅವರು ಗುಮಾಸ್ತರು. ಅಲ್ಲಿ ಕಡತಗಳ ಮುಂದೆ ನಿದ್ದೆ ಬರುತ್ತಿರಲಿಲ್ಲವೇ ಎಂದು ಕೇಳಬೇಡಿ. ಅದು ಸರ್ಕಾರಿ ನಿದ್ದೆ, ಅದರ ಮಾತು ಬೇರೆ.)

ಮನೆಯಲ್ಲಿ ಓದುತ್ತಿದ್ದವರು ಅವರ ಹೆಂಡತಿ ಅನಸೂಯಮ್ಮ. ಚಿಂತಾಮಣಿಯ ಹೆಣ್ಣುಮಗಳು, ಲೋಯರ್ ಸೆಕೆಂಡರಿವರೆಗೆ ಓದಿದವರು. ಗಂಡ ಕಚೇರಿಗೆ ಹೋದ ಮೇಲೆ ಮನೆಗೆಲಸವನ್ನು ಗಾಳಿಯಂತೆ ಮುಗಿಸಿ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರೆ ನಾಲ್ಕು ಗಂಟೆಗೆ ಹಾಲಿನವಳು ಕೂಗುವವರೆಗೂ ಏಳುತ್ತಿರಲಿಲ್ಲ. ಸಂಜೆ ಗಂಡ ಬಂದು ಕಾಫಿ ಕುಡಿದು ನಡುಮನೆಯಲ್ಲಿ ಕೂತರೆ, ಅಕ್ಕಿ ಆರಿಸುತ್ತಲೋ ಹೂವು ಕಟ್ಟುತ್ತಲೋ ಅಷ್ಟು ಹೊತ್ತು ಓದಿದ್ದನ್ನು ಹೇಳುತ್ತಿದ್ದರು. ಪಾತ್ರ ಕೆಮ್ಮಿದರೆ ಇವರೂ ಕೆಮ್ಮುವರು. ಪಾತ್ರ ಅತ್ತರೆ ಇವರು ಸೆರಗು ಕಣ್ಣಿಗೊತ್ತಿಕೊಂಡು, ಮೂಗು ಸೀಟಿ, ಆಮೇಲೆ ಮುಂದುವರಿಸುವರು. ವೆಂಕಟರವಣಪ್ಪನವರಿಗೆ ಒಂದಕ್ಷರ ಮರೆಯುತ್ತಿರಲಿಲ್ಲ. ಕಿವಿಯಿಂದ ಒಳಗೆ ಹೋದದ್ದು ಅವರಿಗೆ ದಕ್ಕುತ್ತಿತ್ತು, ಕಣ್ಣಿಂದ ಹೋದದ್ದು ಮಾತ್ರ ದಾರಿಯಲ್ಲೇ ಮಲಗಿಬಿಡುತ್ತಿತ್ತು.

ಹೀಗೆ ದಕ್ಕಿದ್ದನ್ನು ತಿಂಗಳ ಕೊನೆಯ ಭಾನುವಾರ ಪೇಟೆ ಬೀದಿಯ ವಾಚನಾಲಯದಲ್ಲಿ ‘ಒಬ್ಬ ಓದುಗನ ಅಭಿಪ್ರಾಯ’ ಎಂಬ ಹೆಸರಿನಲ್ಲಿ ಊರಿಗೆ ಹಂಚುತ್ತಿದ್ದರು. ಮೊದಮೊದಲು ಕೇಳಲು ಬರುತ್ತಿದ್ದವರು ನಾಲ್ಕು ಮಂದಿ, ಅದರಲ್ಲಿ ಒಬ್ಬನಿಗೆ ಕಿವುಡು. ವರ್ಷ ಕಳೆದಂತೆ ಜನ ಸೇರುತ್ತ ಹೋದರು. ರೇಷ್ಮೆಗೂಡಿನ ವ್ಯಾಪಾರಿಗಳು ಬಂದರು, ಹೆಂಗಸರು ಎಲೆಯಡಿಕೆ ಗಂಟು ಕಟ್ಟಿಕೊಂಡು ಬಂದರು, ಕಿಟಕಿಯ ಹೊರಗೆ ನಿಂತು ಕೇಳುವವರೂ ಆದರು. ಭಾಷಣ ಅರ್ಧಕ್ಕೆ ಬರುವ ಮೊದಲೇ ಹಿಂದಿನಿಂದ ಯಾರಾದರೂ “ಕೊನೆ ಹೇಳಿ ಸ್ವಾಮಿ, ಕೊನೆ” ಅನ್ನುತ್ತಿದ್ದರು. ಕೊನೆ ಹೇಳಿದಾಗ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು, ಕೆಲವರು ಬಾಯಿಗೆ ಟವೆಲು ಅಡ್ಡ ಹಿಡಿದು ಭುಜ ಕುಣಿಸುತ್ತಿದ್ದರು. ಇದೆಲ್ಲ ತಮ್ಮ ವಿಮರ್ಶೆಯ ಪ್ರಭಾವವೆಂದು ವೆಂಕಟರವಣಪ್ಪನವರು ನಂಬಿ ಸುಖವಾಗಿದ್ದರು.

ಇನ್ನು ಆ ಮನೆಯ ಒಂದು ಕಟ್ಟಳೆಯ ಬಗ್ಗೆ ಹೇಳಬೇಕು. ವೆಂಕಟರವಣಪ್ಪನವರ ತಾಯಿ ಅಕ್ಕಯ್ಯಮ್ಮನವರು ಇದ್ದಾಗ ಹಾಕಿಕೊಟ್ಟದ್ದು, ಅವರು ಹೋದ ಮೇಲೆ ಮಗ ಅವರಿಗಿಂತ ಬಿಗಿಯಾಗಿ ನಡೆಸಿಕೊಂಡು ಬಂದದ್ದು. ದೀಪ ಹಚ್ಚುವ ಹೊತ್ತಿನಲ್ಲಿ ಅಶುಭ ಆಡಬಾರದು. ಸೂಜಿ ಕೇಳಬಾರದು, ಉಪ್ಪು ಕೊಡಬಾರದು, ಡಬ್ಬಿಯಲ್ಲಿ ಒಂದು ಕಾಳೂ ಇಲ್ಲದಿದ್ದರೂ ‘ಅಕ್ಕಿ ತುಂಬಿದೆ’ ಅನ್ನಬೇಕು. ಸಾವು, ನೋವು, ಕೆಡುಕು ಯಾವುದೂ ಹೊಸಲು ದಾಟಿ ಒಳಗೆ ಬರಕೂಡದು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅನಸೂಯಮ್ಮ ದೀಪಕ್ಕೆ ಎಣ್ಣೆ ಹಾಕುತ್ತ, ಪಕ್ಕದ ಮನೆಯ ಹಸು ಸತ್ತಿತಂತೆ ಎಂದು ಬಾಯಿತಪ್ಪಿ ಅಂದುಬಿಟ್ಟರು. ವೆಂಕಟರವಣಪ್ಪನವರು ಮೂರು ಸಲ ‘ಬಿಡ್ತು’ ಅನ್ನಿಸಿದರು, ಆಮೇಲೂ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. (ಹಸು ತನ್ನ ಪಾಡಿಗೆ ಬೆಳಗ್ಗೆಯೇ ಸತ್ತಿತ್ತು. ತಪ್ಪು ಅದರದಲ್ಲ.)

ಈಗ ಲೆಕ್ಕ ಹಾಕಿ. ಕಚೇರಿ ಬಿಟ್ಟು ಮನೆಗೆ ಬರುವುದು ಐದೂವರೆಗೆ. ಕಾಫಿಯಾಗಿ ಕಥೆ ಶುರುವಾಗುವುದು ಐದೂಮುಕ್ಕಾಲಿಗೆ. ಕಥೆ ಎಷ್ಟು ದಿನ ನಡೆದರೂ ಅದರ ಕೊನೆ ಬರುವುದು ಯಾವ ಹೊತ್ತಿಗೆ? ಹನ್ನೊಂದು ವರ್ಷ ವೆಂಕಟರವಣಪ್ಪನವರು ಹಾಕದೆ ಬಿಟ್ಟ ಲೆಕ್ಕ ಇದೊಂದೇ.

ಕಾದಂಬರಿಕಾರನ ಎದುರಿನ ಆ ಭಾಷಣಕ್ಕೆ ಮಹತ್ವ ಬಂದದ್ದು ವಾಚನಾಲಯದ ಕಾರ್ಯದರ್ಶಿ ಪಟ್ಟದಿಂದ. ಕಾರ್ಯದರ್ಶಿಯಾಗಿದ್ದ ಮುದಿ ಹೆಡ್ಮೇಷ್ಟ್ರು ಲಕ್ಷ್ಮಯ್ಯನವರು ಕಣ್ಣು ಮಂಜಾಗಿ, ಜಾಗ ಬಿಡುತ್ತೇನೆ, ಸಭೆಯಲ್ಲೇ ಮುಂದಿನವರ ಹೆಸರು ಹೇಳುತ್ತೇನೆ ಎಂದಿದ್ದರು. ಕಾರ್ಯದರ್ಶಿಯಾದವರಿಗೆ ಕೈಯಿರುವ ಕುರ್ಚಿ. ಯಾವ ಪುಸ್ತಕ ತರಿಸಬೇಕು, ಯಾವುದು ಬೇಡ ಎಂದು ಗುರುತು ಹಾಕುವ ಕೆಂಪು ಪೆನ್ಸಿಲು. ವಾರಪತ್ರಿಕೆ ಬಂದರೆ ಮೊದಲು ಬಿಚ್ಚುವ ಹಕ್ಕು. ವೆಂಕಟರವಣಪ್ಪನವರಿಗೆ ಕಚೇರಿಯಲ್ಲಿ ಬಡ್ತಿ ತಪ್ಪಿದಾಗಲೂ ಇಷ್ಟು ಆಸೆಯಾಗಿರಲಿಲ್ಲ. ಕನಸಿನಲ್ಲೂ ಕೆಂಪು ಪೆನ್ಸಿಲು ಬರುತ್ತಿತ್ತು.

ಪಟ್ಟಕ್ಕೆ ಇನ್ನೊಬ್ಬ ಹಕ್ಕುದಾರನಿದ್ದ, ದನದ ಆಸ್ಪತ್ರೆಯ ಕಾಂಪೌಂಡರ್ ಎರ್ರಪ್ಪ. ಅವನು ಪುಸ್ತಕವನ್ನು ನಿಜವಾಗಿ ಓದುತ್ತಿದ್ದ. ಮುನ್ನುಡಿಯಿಂದ ಹಿಡಿದು ಕೊನೆಯ ಪುಟದ ಮುದ್ರಣಾಲಯದ ವಿಳಾಸದವರೆಗೆ ಓದಿ, ಕಾಗುಣಿತದ ತಪ್ಪಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ, ಹೇಳಿದ ದಿನಕ್ಕೆ ಸರಿಯಾಗಿ ಹಿಂತಿರುಗಿಸುವ ಮನುಷ್ಯ. ಇಂಥವನನ್ನು ಸೋಲಿಸಬೇಕಾದರೆ ದೊಡ್ಡದೇ ಏನಾದರೂ ಮಾಡಬೇಕಿತ್ತು. ಅದಕ್ಕೇ ಕಾದಂಬರಿಕಾರನನ್ನು ಕರೆಸುವ ಆಲೋಚನೆ.

ಕಾದಂಬರಿಯ ಹೆಸರು ‘ಮೂರನೆಯ ಲೋಟ’. ಬರೆದವರ ಹೆಸರು ‘ಕರಾಳ’. ಹೊದಿಕೆಯ ಮೇಲೆ ಒಂದು ಕತ್ತಲೆ ಮನೆ, ಒಂದು ಹಿತ್ತಾಳೆ ಲೋಟ, ಕೆಳಗೆ ‘ಮನಶ್ಶಾಸ್ತ್ರೀಯ ರೋಮಾಂಚಕ ಕಾದಂಬರಿ. ಹೃದಯ ದುರ್ಬಲವಾದವರು ಹಗಲಿನಲ್ಲೇ ಓದತಕ್ಕದ್ದು’ ಎಂಬ ಎಚ್ಚರಿಕೆ. ಅರವತ್ತಮೂರರ ಆ ಚಳಿಗಾಲದಲ್ಲಿ ವಾಚನಾಲಯದಲ್ಲಿದ್ದ ಅದರ ಎರಡೇ ಪ್ರತಿಗಳು ಮನೆಯಿಂದ ಮನೆಗೆ ಹಾರಾಡುತ್ತಿದ್ದವು. ಲೈಬ್ರರಿ ನೋಡಿಕೊಳ್ಳುತ್ತಿದ್ದ ನಲ್ಲಪ್ಪ, “ಬಾಗುಂದಿ ಸಾರ್, ಬಲು ಚೆನ್ನಾಗೈತೆ, ಓದ್ಬಿಟ್ಟು ನಮ್ಮನೆಯವಳು ಹಾಲು ಕುಡಿಯೋದೇ ಬಿಟ್ಟವ್ಳೆ” ಎಂದು ಶಿಫಾರಸು ಮಾಡಿ ಒಂದು ಪ್ರತಿಯನ್ನು ಕೊಟ್ಟಿದ್ದ.

ಅನಸೂಯಮ್ಮ ಅದನ್ನು ಆರು ಸಂಜೆ ಹೇಳಿದರು. ಅವರೆಕಾಯಿಯ ಕಾಲ. ಗಂಡನ ಮುಂದೆ ನೆನೆಸಿದ ಕಾಳಿನ ಪಾತ್ರೆ, ಹೆಂಡತಿಯ ಮುಂದೆ ಇನ್ನೊಂದು. ಶ್ರೀಧರ ಎಂಬ ಇಂಜಿನಿಯರು, ಅವನ ಹೆಂಡತಿ ಮಾಲತಿ, ಬೆಟ್ಟದ ಕೆಳಗಿನ ಒಂಟಿ ಬಂಗಲೆ. ಮನೆಯಲ್ಲಿ ಇರುವುದು ಇಬ್ಬರೇ. ಆದರೆ ಮಲಗುವ ಮೊದಲು ಮೇಜಿನ ಮೇಲೆ ಮೂರು ಲೋಟ ಹಾಲು. ಬೆಳಗ್ಗೆ ನೋಡಿದರೆ ಮೂರನೆಯದೂ ಖಾಲಿ. ಕುಡಿದವರು ಯಾರು? ಮಾಲತಿಯನ್ನು ಕೇಳಿದರೆ ನಗುತ್ತಾಳೆ. ಶ್ರೀಧರನಿಗೆ ಅನುಮಾನ ಹತ್ತಿ, ಅದು ಬೆಳೆದು, ನಿದ್ದೆ ಕೆಟ್ಟು, ಗಡ್ಡ ಬಿಟ್ಟು, ಕೊನೆಗೊಂದು ದಿನ ಅಂಗಡಿಗೆ ಹೋಗಿ ವಿಷದ ಪೊಟ್ಟಣ ತಂದು ಮೂರನೆಯ ಲೋಟಕ್ಕೆ ಬೆರೆಸಿಬಿಡುತ್ತಾನೆ. ಅಷ್ಟು ಹೇಳಿ ಶನಿವಾರ ಸಂಜೆ ಅನಸೂಯಮ್ಮ ಎದ್ದು ಕೈ ತೊಳೆಯಲು ಹೋದರು. ವೆಂಕಟರವಣಪ್ಪನವರ ಕೈಯಲ್ಲಿದ್ದ ಅವರೆಕಾಳು ಎಷ್ಟೋ ಹೊತ್ತಿನಿಂದ ಹಿತುಕಿಸಿಕೊಳ್ಳದೆ ಹಾಗೇ ಇತ್ತು.

“ಆಮೇಲೆ?” ಎಂದರು.

ಅನಸೂಯಮ್ಮ ದೇವರ ಗೂಡಿನ ಮುಂದೆ ಕೂತು ಬತ್ತಿ ಹೊಸೆದರು, ಎಣ್ಣೆ ಹಾಕಿದರು, ದೀಪ ಹಚ್ಚಿ ಕೈ ಮುಗಿದರು. ಒಂದು ಸಲ ದೀಪ ನೋಡಿದರು, ಒಂದು ಸಲ ಗಂಡನನ್ನು ನೋಡಿದರು.

“ಆಮೇಲೇನು,” ಎಂದರು. “ಮಾಲತಿ ಬಸುರಿ ಕಣ್ರೀ. ಗಂಡನ ಹತ್ರ ಹೇಳೋಕೆ ನಾಚಿಕೆ. ಮೂರನೇ ಲೋಟ ಮಗೂಗೇ ಅಂತ ತಾನೇ ಕದ್ದು ಕುಡೀತಿದ್ಳು.”

“ವಿಷ?”

“ಗ್ರಂಧಿಗೆ ಅಂಗಡಿಯೋನು ಗಡಿಬಿಡೀಲಿ ಪೊಟ್ಟಣ ಅದಲು ಬದಲು ಮಾಡಿ ಕೇಸರಿ ಕೊಟ್ಟಿದ್ದ. ಬಸುರಿ ಹೆಂಗಸು ಕೇಸರಿ ಹಾಲು ಕುಡುದ್ರೆ ಒಳ್ಳೇದೇ ಅಲ್ವೇ? ಸೀಮಂತ ಜೋರಾಗಿ ಆಯ್ತು. ಹಸಿರು ಸೀರೆ, ಹಸಿರು ಬಳೆ, ಐದು ತರದ ಅನ್ನ.”

ವೆಂಕಟರವಣಪ್ಪನವರ ಕಣ್ಣು ತುಂಬಿ ಬಂತು. ಇಷ್ಟು ಭಯದ ತಳದಲ್ಲಿ ಇಷ್ಟು ಶುಭ ಅಡಗಿಸಿಟ್ಟ ಲೇಖಕ ಸಾಮಾನ್ಯನಲ್ಲ ಎಂದುಕೊಂಡರು. ಅಮೋಘ ಆಲೋಚನೆ ಹೊಳೆದದ್ದು ಆಗಲೇ. ಅಂದೇ ಪ್ರಕಾಶಕರ ಮೂಲಕ ಕರಾಳ ಅವರಿಗೆ ಕಾಗದ ಹೋಯಿತು, ಹತ್ತು ದಿನಕ್ಕೆ ‘ಬರುತ್ತೇನೆ’ ಎಂದು ಉತ್ತರವೂ ಬಂತು. ಹೆಂಡತಿಗೆ ಮಾತ್ರ ತಿಳಿಸಲಿಲ್ಲ. ಎಲ್ಲರೂ ಬೆರಗಾಗಬೇಕು, ಮನೆಯವಳೂ ಸೇರಿ, ಎಂಬುದು ಅವರ ಬಯಕೆ.

ಸಭೆಯ ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಎಂಟು ಹಾಳೆಯ ಭಾಷಣವನ್ನು ಗಟ್ಟಿಯಾಗಿ ಓದಿಕೊಳ್ಳುತ್ತ, ಕರಾಳ ಅವರೇ ಬರುತ್ತಿರುವ ಸುದ್ದಿಯನ್ನು ಹೊರಗೆ ಬಿಟ್ಟರು. ಒಲೆಯ ಮುಂದಿದ್ದ ಅನಸೂಯಮ್ಮನ ಕೈಯಿಂದ ಸೌಟು ಜಾರಿತು.

“ಬರೆದೋರೇ ಬರ್ತಾರಾ?”

“ಹೂಂ. ಪಕ್ಕದಲ್ಲೇ ಕೂರ್ತಾರೆ.”

ಅನಸೂಯಮ್ಮ ಸೌಟು ಎತ್ತಿಕೊಂಡು, ಕೊನೆಯ ವಿಷಯ ಜಾಸ್ತಿ ಹೇಳಬೇಡಿ, ಓದದವರಿಗೆ ರುಚಿ ಕೆಡುತ್ತದೆ ಎಂದರು. ಗಂಡ ನಕ್ಕರು. ಆಮೇಲೆ, ಕೊನೆಯ ಅಧ್ಯಾಯವನ್ನಾದರೂ ಈಗ ಒಂದು ಸಲ ನೀವೇ ಕಣ್ಣಾಡಿಸಿ ಎಂದು ಪುಸ್ತಕ ತಂದು ಮುಂದೆ ಹಿಡಿದರು. ವೆಂಕಟರವಣಪ್ಪನವರಿಗೆ ಸಿಟ್ಟು ಬಂತು. ಕಥೆ ಹೇಳುವುದು ಬೇರೆ, ವಿಮರ್ಶೆ ಮಾಡುವುದು ಬೇರೆ, ಇದು ಸುಪ್ತಚೇತನದ ವಿಷಯ, ಒಗ್ಗರಣೆ ಹಾಕಿದ ಹಾಗಲ್ಲ ಎಂದು ಗದರಿದರು. ಅನಸೂಯಮ್ಮ ಪುಸ್ತಕವನ್ನು ಗೂಡಿಗೆ ಇಟ್ಟು, ಒಗ್ಗರಣೆಯನ್ನೇ ಹಾಕಿದರು. ಆ ಸಾಸಿವೆ ಸಿಡಿದ ಸದ್ದಿನಲ್ಲಿ ಇನ್ನು ನಿಮ್ಮ ಹಣೆಬರಹ ಎಂಬ ಅರ್ಥವಿತ್ತು.

ಮಧ್ಯಾಹ್ನದ ಪುಟ್ಟ ರೈಲಿಗೆ ಕರಾಳ ಬಂದಿಳಿದರು. ಹಾರ ಹಿಡಿದು ನಿಂತಿದ್ದವರು ಕರಿಕೋಟಿನ, ಕೆಂಗಣ್ಣಿನ ಆಜಾನುಬಾಹುವನ್ನು ಹುಡುಕುತ್ತಿದ್ದರೆ, ಮಫ್ಲರು ಸುತ್ತಿಕೊಂಡ, ಊಟದ ಡಬ್ಬಿ ಹಿಡಿದ ಕುಳ್ಳ ಮನುಷ್ಯರೊಬ್ಬರು ಎದುರಿಗೆ ಬಂದು, ತಾನೇ ಕರಾಳ, ಮಂಚೇನಹಳ್ಳಿ ಅಂಚೆ ಕಚೇರಿಯಲ್ಲಿ ಕೆಲಸ, ನಿಜವಾದ ಹೆಸರು ಬಯ್ಯಪ್ಪ ಎಂದು ಮೆಲ್ಲಗೆ ಹೇಳಿಕೊಂಡರು. ದಾರಿಯಲ್ಲಿ ನಾಯಿ ಬೊಗಳಿದಾಗ ವೆಂಕಟರವಣಪ್ಪನವರ ತೋಳು ಹಿಡಿದುಕೊಂಡರು.

ವಾಚನಾಲಯ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಲಕ್ಷ್ಮಯ್ಯನವರು, ಬಯ್ಯಪ್ಪನವರು, ಸರಸ್ವತಿಯ ಪಟ. ಮುಂದಿನ ಸಾಲಿನಲ್ಲಿ ಎರ್ರಪ್ಪ, ಮಡಿಲಲ್ಲಿ ‘ಮೂರನೆಯ ಲೋಟ’, ಕೊನೆಯ ಪುಟದಲ್ಲಿ ಇಟ್ಟ ಬೆರಳು. ಅವನ ಮುಖದಲ್ಲಿದ್ದ ನಗುವನ್ನು ವೆಂಕಟರವಣಪ್ಪನವರು ಸೋತವನ ನಗು ಎಂದುಕೊಂಡರು. ಹೆಂಗಸರ ಬೆಂಚಿನಲ್ಲಿ ಅನಸೂಯಮ್ಮ ಛಾವಣಿಯ ತೊಲೆಗಳನ್ನು ಎಣಿಸುತ್ತ ಕೂತಿದ್ದರು.

ನಾಲ್ಕೂವರೆಗೆ ಶುರುವಾದ ಭಾಷಣ ಸರಾಗವಾಗಿ ಹರಿಯಿತು. “ಮಹನೀಯರೇ, ಇದು ಬರೀ ಹಿತ್ತಾಳೆ ಲೋಟವಲ್ಲ, ಇದು ಮಾನವನ ಸುಪ್ತಚೇತನದ ಲೋಟ” ಎಂದಾಗ ಚಪ್ಪಾಳೆ ಬಿತ್ತು. ಬಯ್ಯಪ್ಪನವರು ನಾಚಿ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. ಐದೂಮುಕ್ಕಾಲರ ಹೊತ್ತಿಗೆ ಹಿಂದಿನಿಂದ ಕೂಗು ಬಂತು, ಕೊನೆ ಹೇಳಿ ಸ್ವಾಮಿ, ಕೊನೆ. ವೆಂಕಟರವಣಪ್ಪನವರು ಎಂಟನೆಯ ಹಾಳೆ ತಿರುವಿ, ದನಿ ಇಳಿಸಿ, ಮಾಲತಿ ಬಸುರಿಯಾದದ್ದನ್ನು ಹೇಳಿದರು. ಕೇಸರಿಯ ವಿಷಯ ಹೇಳಿದರು. ಸೀಮಂತದ ಐದು ಬಗೆಯ ಅನ್ನವನ್ನು ಹೇಳಿ, ಪುಳಿಯೋಗರೆಯನ್ನು ತಾವೇ ಸೇರಿಸಿದರು. ಜಗತ್ತಿನ ಭಯವೆಲ್ಲ ಹುಟ್ಟಲಿರುವ ಮಗುವಿನ ಮುನ್ಸೂಚನೆ ಎಂಬುದೇ ಕರಾಳರ ದರ್ಶನ ಎಂದು ಮುಗಿಸಿ, ಲೇಖಕರ ಕಡೆ ತಿರುಗಿ ಕೈ ಮುಗಿದರು.

ಬಯ್ಯಪ್ಪನವರ ಬಾಯಿ ತೆರೆದಿತ್ತು.

“ಸ್ವಾಮಿ,” ಎಂದರು ಮಫ್ಲರು ಸಡಿಲಿಸಿ, “ತಾವು ಓದಿದ್ದು ನನ್ನ ಪುಸ್ತಕಾನೇನಾ?”

ಎರ್ರಪ್ಪ ಕಾದಿದ್ದದ್ದು ಇದಕ್ಕೇ. ಎದ್ದು ನಿಂತು, ಪುಸ್ತಕ ಎತ್ತಿ ಹಿಡಿದು ಕೊನೆಯ ಪುಟವನ್ನು ಗಟ್ಟಿಯಾಗಿ ಓದಲು ಶುರುಮಾಡಿದ. ಶ್ರೀಧರನೇ ನಿದ್ದೆಗಣ್ಣಿನಲ್ಲಿ ದಿನವೂ ಎದ್ದು ಮೂರನೆಯ ಲೋಟ ಕುಡಿಯುತ್ತಿದ್ದವನು. ತಾನೇ ಆ ಮೂರನೆಯವನೆಂದು ಅವನಿಗೇ ಗೊತ್ತಿರಲಿಲ್ಲ. ತಾನು ವಿಷ ಬೆರೆಸಿದ ಹಾಲನ್ನು ತಾನೇ ಎದ್ದು ಬಂದು, ಕಣ್ಣು ಮುಚ್ಚಿಕೊಂಡೇ…

ವೆಂಕಟರವಣಪ್ಪನವರು ಎಂಟನೆಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಹೆಂಗಸರ ಬೆಂಚಿನ ಕಡೆ ನೋಡಿದರು. ಅನಸೂಯಮ್ಮ ತೊಲೆ ಎಣಿಸುವುದು ಬಿಟ್ಟು ಸೆರಗಿನ ದಾರ ಕೀಳುತ್ತಿದ್ದರು. ಆಗ ವೆಂಕಟರವಣಪ್ಪನವರಿಗೆ ಲೆಕ್ಕ ತಿಳಿಯಿತು. ಐದೂಮುಕ್ಕಾಲು, ಬತ್ತಿ, ಎಣ್ಣೆ, ದೀಪ. ಹನ್ನೊಂದು ವರ್ಷಗಳ ಕೊನೆಗಳೆಲ್ಲ ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದವು. ಕೆರೆಗೆ ತಾವರೆ ಕೀಳಲು ಇಳಿದ ಆ ಸುಶೀಲೆ ತಾವರೆಗಾಗಿ ಇಳಿದಿರಲಿಲ್ಲ. ಕ್ಷಯದ ಆ ಹುಡುಗ ನಂದಿ ಬೆಟ್ಟದ ಗಾಳಿ ಕುಡಿದು ದುಂಡಗಾಗಿ ಇಳಿದು ಬಂದಿರಲಿಲ್ಲ. ಕೆಂಪು ಪೆನ್ಸಿಲು ಕಣ್ಣ ಮುಂದೆಯೇ ದೂರದೂರ ಹೋಗುತ್ತಿತ್ತು.

“ಕಣ್ಣು ಮುಚ್ಚಿಕೊಂಡೇ ಗಟಗಟನೆ…” ಎಂದು ಎರ್ರಪ್ಪ ದನಿ ಏರಿಸಿದ.

ಅಷ್ಟರಲ್ಲಿ ನಲ್ಲಪ್ಪ ಸರಸ್ವತಿಯ ಪಟದ ಮುಂದೆ ದೀಪ ಹಚ್ಚಲು ಬಂದ. ಹೆಂಗಸರ ಬೆಂಚಿನಿಂದ ಮುದುಕಿ ಮಂಗಮ್ಮ ಎದ್ದು ನಿಂತರು. ರೇಷ್ಮೆಗೂಡಿನಿಂದ ನೂಲು ಬಿಚ್ಚಿ ಬಿಚ್ಚಿ ಬೆರಳು ಸುಕ್ಕಾದ ಹೆಂಗಸು, ಊರಿನಲ್ಲಿ ಯಾರಿಗೂ ಅಂಜಿದವರಲ್ಲ.

“ಏ ಎರ್ರಪ್ಪ, ದೀಪ ಹಚ್ಚೋ ಹೊತ್ತು ಕಣೋ. ಆ ಪುಸ್ತಕ ಮುಚ್ಚು. ಬಿಡ್ತು ಅನ್ನು.”

ಎರ್ರಪ್ಪ ಸಾಹಿತ್ಯ, ಸತ್ಯ ಎಂದು ಏನೋ ಹೇಳಹೊರಟ. ಇಡೀ ಸಭೆ ಒಂದೇ ದನಿಯಲ್ಲಿ ಬಿಡ್ತು ಅನ್ನು ಎಂದಿತು. ಅವನು ಪುಸ್ತಕ ಮುಚ್ಚಿ “ಬಿಡ್ತು” ಎಂದು ಕೂತ.

“ಆ ಶ್ರೀಧರಪ್ಪ ಏನಾದ ಅಂತ ನಮಗೇನು ಗೊತ್ತಿಲ್ವಾ?” ಎಂದರು ಮಂಗಮ್ಮ. “ಊರೆಲ್ಲ ಓದೈತೆ, ಓದೋಕೆ ಬರ್ದಿರೋರು ಓದಿಸ್ಕೊಂಡವ್ರೆ. ಅದು ಮನೇಲಿ. ಇಲ್ಲಿಗೆ ಬರೋದು ಅವನು ಹೆಂಗೆ ಬದುಕ್ಕೊಂಡ ಅಂತ ಕೇಳೋಕೆ. ಗುಮಾಸ್ತ್ರು ಹೇಳೋ ಕೊನೆ ಕೇಳುದ್ರೆ ಉಂಡನ್ನ ಮೈಗತ್ತುತ್ತೆ.”

ಸಭೆ ಹೌದು ಹೌದು ಎಂದಿತು. ಹನ್ನೊಂದು ವರ್ಷಗಳಿಂದ ಅದೇ ನಡೆಯುತ್ತಿತ್ತಂತೆ. ಲಕ್ಷ್ಮಯ್ಯನವರು ಮೊದಲ ವರ್ಷವೇ ತಿದ್ದಬೇಕೆಂದುಕೊಂಡಿದ್ದರಂತೆ, ಆದರೆ ಜನ ಸೇರುವುದನ್ನು ಕಂಡು ಸುಮ್ಮನಾದರಂತೆ. ವೆಂಕಟರವಣಪ್ಪನವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಮ್ಮನ್ನು ವಿಮರ್ಶಕನೆಂದು ತಿಳಿಯದೆ ಇದ್ದವರು ಊರಿನಲ್ಲಿ ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ. ತಿಳಿದಿದ್ದವರು ತಾವೊಬ್ಬರೇ.

ಬಯ್ಯಪ್ಪನವರು ಎದ್ದು ನಿಂತರು. ಪುಸ್ತಕ ಬಂದಾಗಿನಿಂದ ಓದುಗರು ನಲವತ್ತು ಕಾಗದ ಬರೆದಿದ್ದಾರೆ, ಎಲ್ಲವೂ ಬೈದು ಬರೆದದ್ದು, ಅವನ್ನು ತಾನೇ ವಿಂಗಡಿಸಿ ತಾನೇ ತಲುಪಿಸಿಕೊಳ್ಳಬೇಕಾಗಿದೆ ಎಂದು ನೊಂದುಕೊಂಡರು. ಹೆತ್ತ ತಾಯಿಯೂ ಆ ಗಂಡನನ್ನು ಯಾಕೆ ಹಾಗೆ ಮಾಡಿದೆ ಎಂದು ಮಾತು ಬಿಟ್ಟಿದ್ದಾರಂತೆ. “ಆ ಕೇಸರಿ ನನಗೆ ಹೊಳೀಲಿಲ್ಲವಲ್ಲ. ಅದು ಯಾರಿಗೆ ಹೊಳೆದದ್ದು ಸ್ವಾಮಿ?”

ವೆಂಕಟರವಣಪ್ಪನವರು ಬಾಯಿ ತೆರೆಯುವ ಮೊದಲೇ ಸಭೆಯ ತಲೆಗಳೆಲ್ಲ ಹೆಂಗಸರ ಬೆಂಚಿನ ಕಡೆ ತಿರುಗಿದವು. ಅದೂ ಊರಿಗೆ ಗೊತ್ತಿತ್ತು. ಸಂಜೆ ಗಂಡನಿಗೆ ಒಂದು ಕೊನೆ ಹೇಳಿದರೆ, ಮರುದಿನ ಬೆಳಗ್ಗೆ ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಅನಸೂಯಮ್ಮ ನಿಜವಾದ ಕೊನೆಯನ್ನು ಹೇಳುತ್ತಿದ್ದರು. ಬೆಳಗ್ಗೆ ಹೇಳಲು ಯಾವ ಅಡ್ಡಿಯೂ ಇರಲಿಲ್ಲವಲ್ಲ.

ಕಾರ್ಯದರ್ಶಿ ಪಟ್ಟ ಎರ್ರಪ್ಪನಿಗೆ ಹೋಯಿತು. ಪುಸ್ತಕ ಆರಿಸುವವರು ಅದನ್ನು ಓದಿರುವುದು ಮೇಲು ಎಂದು ಲಕ್ಷ್ಮಯ್ಯನವರು ಬಹಳ ಮೃದುವಾಗಿ ಹೇಳಿದರು. ಆದರೆ ತಿಂಗಳ ಕೊನೆಯ ಭಾನುವಾರ ಮಾತ್ರ ವೆಂಕಟರವಣಪ್ಪನವರದೇ, ಅದನ್ನು ಬಿಟ್ಟರೆ ವಾಚನಾಲಯಕ್ಕೆ ನೊಣವೂ ಬರುವುದಿಲ್ಲ ಎಂದು ಸೇರಿಸಿದರು. ಕೆಂಪು ಪೆನ್ಸಿಲು ಎರ್ರಪ್ಪನ ಜೇಬು ಸೇರಿತು.

ಮನೆಗೆ ಹೊರಟಾಗ ಮುಂದೆ ಗಂಡ ಹೆಂಡತಿ. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಬಯ್ಯಪ್ಪನವರು. ಸಭೆ ಮುಗಿಯುವಷ್ಟರಲ್ಲಿ ಚಿಕ್ಕಬಳ್ಳಾಪುರದ ಕಡೆಯ ರೈಲು ಹೋಗಿಬಿಟ್ಟಿತ್ತು, ಅನಸೂಯಮ್ಮ ಊಟಕ್ಕೆ ಕರೆದಿದ್ದರು. ಮನೆಯ ಹೊಸಲಿನ ಹತ್ತಿರ ವೆಂಕಟರವಣಪ್ಪನವರು ತಡೆಯಲಾರದೆ ಕೇಳಿದರು.

“ಹನ್ನೊಂದು ವರ್ಷ ಕಣೇ. ಒಂದು ದಿನ ನಿಜ ಹೇಳ್ಬಾರ್ದಾಗಿತ್ತಾ?”

“ಹಸು ವಿಷಯ ನಿಜಾನೇ ಹೇಳಿದ್ದೆ,” ಎಂದರು ಅನಸೂಯಮ್ಮ. “ಒಂದು ವಾರ ಮಾತಾಡ್ಲಿಲ್ಲ ನೀವು. ನನಗೆ ನೀವು ಮಾತಾಡ್ಕೊಂಡಿರ್ಬೇಕು.”

ವಿಮರ್ಶಕರು ಹೊಸಲಿನಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದರು. ಸಿಟ್ಟು ಅರ್ಧ ಅಲ್ಲೇ ಕರಗಿತು, ಉಳಿದರ್ಧ ಹಿತುಕಿದ ಬೇಳೆ ಸಾರು, ರಾಗಿಮುದ್ದೆಯ ಜೊತೆ ಇಳಿಯಿತು. ಊಟವಾದ ಮೇಲೆ ಬಯ್ಯಪ್ಪನವರು ಅವರೆಕಾಳಿನ ಪಾತ್ರೆಯ ಮುಂದೆ ಕೂತು ಅನಸೂಯಮ್ಮನನ್ನು ಕೇಳಿ ಕೇಳಿ ಪುಟ್ಟ ಪುಸ್ತಕದಲ್ಲಿ ಏನೇನೋ ಗುರುತು ಹಾಕಿಕೊಂಡರು. ವೆಂಕಟರವಣಪ್ಪನವರು ಪಕ್ಕದಲ್ಲೇ ದಿಂಬಿಗೊರಗಿ, ಅತಿಥಿಗಳು ಕೈಗಿತ್ತ ಪುಸ್ತಕದ ಮೂರನೆಯ ಪುಟದಲ್ಲಿ ನಿದ್ದೆ ಹೋಗಿದ್ದರು. ಎಚ್ಚರವಾದಾಗ ಅನಸೂಯಮ್ಮ ತಟ್ಟೆಯಲ್ಲಿ ಮೂರು ಲೋಟ ಹಾಲು ತಂದಿಟ್ಟಿದ್ದರು. ಗಂಡ, ಅತಿಥಿ ಇಬ್ಬರೂ ಒಟ್ಟಿಗೆ ಮೂರನೆಯದನ್ನು ನೋಡಿದರು. “ಮೊದಲು ನೀವು ಕುಡೀರಿ ತಾಯಿ,” ಎಂದರು ಅದನ್ನು ಹುಟ್ಟಿಸಿದ ಕರಾಳರು.

ಮುಂದಿನ ಅವರೆಕಾಯಿಯ ಕಾಲಕ್ಕೆ ಅಂಚೆಯಲ್ಲಿ ಒಂದು ಕಟ್ಟು ಬಂತು. ‘ಮೂರನೆಯ ಲೋಟ. ಪರಿಷ್ಕೃತ ಎರಡನೆಯ ಮುದ್ರಣ.’ ಮುನ್ನುಡಿಯಲ್ಲಿ ಶಿಡ್ಲಘಟ್ಟದ ಶ್ರೀಮತಿ ಅನಸೂಯಮ್ಮನವರಿಗೆ ಕೃತಜ್ಞತೆ. ವೆಂಕಟರವಣಪ್ಪನವರ ಹೆಸರು ಮುನ್ನುಡಿಯಲ್ಲಿ ಎಲ್ಲಿಯೂ ಇರಲಿಲ್ಲ. ಅನಸೂಯಮ್ಮ ಕಟ್ಟು ಬಿಚ್ಚಿ ಹಿತ್ತಿಲಿಗೆ ಒಯ್ಯುವಷ್ಟರಲ್ಲಿ ಅವರು ಕಸಿದುಕೊಂಡು, ಈ ಸಲ ನಾನೇ ಓದುತ್ತೇನೆ ಎಂದು ಗೋಡೆಗೆ ದಿಂಬು ಕೊಟ್ಟು ಕೂತರು. ಕಚೇರಿಗೆ ರಜೆ ಹಾಕಿದ್ದ ದಿನ, ಊಟದ ನಂತರ, ಎಲ್ಲ ವಿಧದಲ್ಲೂ ನಿದ್ದೆಗೆ ಅನುಕೂಲವಾದ ಹೊತ್ತು.

ಮೂರನೆಯ ಪುಟ ದಾಟಿತು. ಗೊರಕೆಯಿಲ್ಲ. ಹತ್ತು ದಾಟಿತು, ಐವತ್ತು ದಾಟಿತು. ಅನಸೂಯಮ್ಮ ಎರಡು ಸಲ ಬಂದು ಹಣೆ ಮುಟ್ಟಿ ನೋಡಿ ಹೋದರು. ವೆಂಕಟರವಣಪ್ಪನವರ ಕಣ್ಣು ಅಗಲವಾಗುತ್ತ ಹೋಗುತ್ತಿತ್ತು. ಶ್ರೀಧರ ಈ ಮುದ್ರಣದಲ್ಲಿ ಇಂಜಿನಿಯರಾಗಿರಲಿಲ್ಲ. ರೇಷ್ಮೆ ಇಲಾಖೆಯ ಗುಮಾಸ್ತನಾಗಿದ್ದ. ಯಾವ ಪುಸ್ತಕ ತೆರೆದರೂ ಮೂರನೆಯ ಪುಟಕ್ಕೆ ಕನ್ನಡಕ ಗಡ್ಡದ ಮೇಲೆ ಇಳಿಯುತ್ತಿತ್ತು. ಓದದ ಪುಸ್ತಕಗಳ ಮೇಲೆ ಊರಿಗೆಲ್ಲ ಭಾಷಣ ಮಾಡುತ್ತಿದ್ದ, ಕೆಂಪು ಪೆನ್ಸಿಲಿನ ಕನಸು ಕಾಣುತ್ತಿದ್ದ, ಹೆಂಡತಿ ಅಷ್ಟು ದಿನದಿಂದ ಬಸುರಿಯಾಗಿರುವುದು ಪಕ್ಕದಲ್ಲೇ ಕೂತು ಅವರೆಕಾಳು ಹಿತುಕುತ್ತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಮಾಲತಿ ಮಾತ್ರ ಜಾಣೆ. ನೂರ ತೊಂಬತ್ತನೆಯ ಪುಟದಲ್ಲಿ ಕೇಸರಿ, ಇನ್ನೂರನೆಯ ಪುಟದಲ್ಲಿ ಸೀಮಂತ, ಐದು ತರದ ಅನ್ನ, ಪುಳಿಯೋಗರೆಯನ್ನು ಬಿಟ್ಟು.

ಪುಸ್ತಕ ಮುಚ್ಚಿದಾಗ ಹೊರಗೆ ಮಬ್ಬಾಗಿತ್ತು. ಅನಸೂಯಮ್ಮ ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದರು.

“ಓದಿದ್ರಾ ಪೂರ್ತಿ? ಹೇಗಿದೆ?” ಎಂದರು ಕುತೂಹಲದಿಂದ. ಜೀವಮಾನದಲ್ಲಿ ಮೊದಲ ಸಲ ಗಂಡನ ಬಾಯಿಂದ ಅವರೇ ಓದಿದ ಒಂದು ಪುಸ್ತಕದ ಅಭಿಪ್ರಾಯ ಕೇಳುವುದಿತ್ತು.

ವೆಂಕಟರವಣಪ್ಪನವರು ಕನ್ನಡಕ ತೆಗೆದು ಒರೆಸಿದರು. ಬಹಳ ಯೋಚಿಸಿ, ತೂಗಿ, ಸ್ವಂತ ಕಣ್ಣಿನಿಂದ ಓದಿದ ಅಧಿಕಾರದಿಂದ ಹೇಳಿದರು.

“ಮೊದಲನೇ ಮುದ್ರಣದ ಕೊನೆಯೇ ಸರಿಯಾಗಿತ್ತು ಕಣೇ. ಆ ಗಂಡ ಸಾಯ್ಲೇಬೇಕಾಗಿತ್ತು.”

ಅನಸೂಯಮ್ಮ ಗೀರಿದ ಬೆಂಕಿಕಡ್ಡಿ ಹಿಡಿದು ತಿರುಗಿದರು. “ದೀಪ ಹಚ್ಚೋ ಹೊತ್ನಲ್ಲಿ ಏನು ಮಾತದು? ಬಿಡ್ತು ಅನ್ನಿ.”

“ಬಿಡ್ತು,” ಎಂದರು ವೆಂಕಟರವಣಪ್ಪನವರು.

“ಮೂರು ಸಲ.”

ಮೂರು ಸಲ ಅಂದರು. ಹನ್ನೆರಡು ವರ್ಷಗಳ ವಿಮರ್ಶಾ ಜೀವನದಲ್ಲಿ ಸ್ವತಃ ಓದಿ ಕೊಟ್ಟ ಒಂದೇ ಒಂದು ಅಭಿಪ್ರಾಯವನ್ನು ಹೀಗೆ ಅಲ್ಲೇ ಹಿಂದಕ್ಕೆ ತೆಗೆದುಕೊಂಡು, ಅವರೆಕಾಳಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು.